ಫೀಲ್ಡ್ ಸರ್ವಿಸ್ ಆ್ಯಪ್: ಫೋಟೊಗೆ ಪೂರ್ತಿ ಅಂಕ, ಗಡಿಯಾರಕ್ಕೆ ಸೊನ್ನೆ

ಡ್ಯಾಶ್‌ಬೋರ್ಡು, ನಕ್ಷೆ, ಬಣ್ಣದ ಚಾರ್ಟು ಎಲ್ಲ ಡೆಮೊದಲ್ಲೇ ನೋಡಿರುತ್ತೀರಿ, ಬಿಡಿ. ಗ್ರಾಹಕರ ಜಾಗಕ್ಕೇ ಹೋಗಿ ರಿಪೇರಿ ಮಾಡುವ ಟೆಕ್ನಿಷಿಯನ್‌ಗಳ ಕೆಲಸ ದಾಖಲಿಸುವ ಈ ಆ್ಯಪ್ ದಿನವೂ ಖುಷಿ ಕೊಡುವುದು ಫೋಟೊ ವಿಷಯದಲ್ಲಿ. ಕೆಲಸಕ್ಕೆ ಕೈಹಾಕುವ ಮೊದಲು ತೆಗೆದ ಚಿತ್ರ, ಮುಗಿದ ಮೇಲೆ ಕ್ಯಾಮೆರಾ ತೆರೆದಾಗ ಪರದೆಯಲ್ಲಿ ಮಸುಕಾಗಿ ಮೂಡುತ್ತದೆ. ಅದಕ್ಕೆ ಹೊಂದಿಸಿ ಕ್ಲಿಕ್ಕಿಸಿದರೆ ಎರಡೂ ಒಂದೇ ಕೋನದಲ್ಲಿ ಸಿಗುತ್ತವೆ. ಸಂಜೆ ಸೂಪರ್‌ವೈಸರ್ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ವಾಲ್ವ್ ಬದಲಾಗಿದೆಯೋ ಬರೀ ಒರೆಸಿಟ್ಟಿದ್ದಾರೋ ಗೊತ್ತಾಗುತ್ತದೆ. ಗ್ಯಾಲರಿಯಿಂದ ಹಳೆಯ ಫೋಟೊ ಹಾಕುವ ದಾರಿಯನ್ನು ಮಾತ್ರ ಸೆಟ್ಟಿಂಗ್‌ನಲ್ಲಿ ಮುಚ್ಚಿಬಿಡಿ, ಶುರುವಿನಲ್ಲಿ ಅದು ತೆರೆದೇ ಇರುತ್ತದೆ. ತೆಗೆದ ಭಾಗದ್ದೂ ಹಾಕಿದ ಭಾಗದ್ದೂ ಸೀರಿಯಲ್ ನಂಬರ್ ಕಡ್ಡಾಯ ಮಾಡಿ. ಕಡ್ಡಾಯದ ಖಾನೆಗಳು ಐದಾರಕ್ಕಿಂತ ಹೆಚ್ಚಾದರೆ ಹುಡುಗರು ಕಣ್ಣುಮುಚ್ಚಿ 'ಓಕೆ' ಒತ್ತುತ್ತಾ ಹೋಗುತ್ತಾರೆ.

ಗ್ರಾಹಕರ ಓಟಿಪಿಯಲ್ಲೂ ಜಾಣತನವಿದೆ. ಕೊನೆಯ ಫೋಟೊ ಏರುವವರೆಗೆ ಅದು ಹೊರಡುವುದೇ ಇಲ್ಲ. ಟೆಕ್ನಿಷಿಯನ್ ಬಂದ ಕೂಡಲೇ 'ಓಟಿಪಿ ಹೇಳಿ ಸಾರ್' ಎಂದು ಕೇಳಿ ಜಾಬ್ ಮುಚ್ಚುವ ಹಳೆಯ ಆಟ ನಡೆಯದು.

ಇಷ್ಟೆಲ್ಲ ಸರಿಯಾಗಿ ಯೋಚಿಸಿದವರು ಆಫ್‌ಲೈನ್‌ನಲ್ಲಿ ಎಡವಿದ್ದಾರೆ. ನೆಲಮಾಳಿಗೆಯ ಪಂಪ್ ರೂಮಿನಲ್ಲಿ ಸಿಗ್ನಲ್ ಇರುವುದಿಲ್ಲ. 'ಮುಗಿಯಿತು' ಒತ್ತಿದರೆ ಆ್ಯಪ್ ಒಪ್ಪಿಕೊಳ್ಳುತ್ತದೆ, ಆದರೆ ವರದಿಗೆ ಹೋಗುವುದು ಸರ್ವರ್‌ಗೆ ಮಾಹಿತಿ ತಲುಪಿದ ಸಮಯ. 11:20ಕ್ಕೆ ಮುಗಿದ ಕೆಲಸ 1:05 ಎಂದು ದಾಖಲಾದರೆ, ಗಡುವು ಮೀರಿದ ಕೆಂಪು ಗುರುತು ಬೀಳುವುದು ಪಾಪದ ಟೆಕ್ನಿಷಿಯನ್ ಹೆಸರಿಗೆ. ಫೋನಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು ಎಂಬ ಆ್ಯಪ್‌ನವರ ಸಮಜಾಯಿಷಿ ಸುಳ್ಳಲ್ಲ. ಆದರೆ ಫೋನ್ ಆನ್ ಆದಾಗಿನಿಂದ ಓಡುವ ಇನ್ನೊಂದು ಎಣಿಕೆಯೂ ಒಳಗಿರುತ್ತದೆ, ಗಡಿಯಾರ ತಿರುಗಿಸಿದರೂ ಅದು ಬದಲಾಗದು. ಕೊನೆಯ ಸಲ ಸರ್ವರ್‌ಗೆ ಮಾಹಿತಿ ತಲುಪಿದ (ಸಿಂಕ್ ಆದ) ಸಮಯಕ್ಕೆ, ಅಲ್ಲಿಂದ ಈ ಎಣಿಕೆ ಓಡಿದಷ್ಟನ್ನು ಕೂಡಿದರೆ ನಿಜವಾದ ಹೊತ್ತು ಸಿಗುತ್ತದೆ; ನಡುವೆ ಫೋನ್ ರೀಸ್ಟಾರ್ಟ್ ಆದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅದು ಕಷ್ಟವೆಂದರೆ ಫೋನಿನದು, ಸರ್ವರ್‌ನದು ಎರಡೂ ಸಮಯ ತೋರಿಸಲಿ, ತೀರ್ಮಾನ ಸೂಪರ್‌ವೈಸರ್ ಮಾಡಿಕೊಳ್ಳುತ್ತಾರೆ.

ಇದರ ಜೊತೆಗೆ ಜಿಯೋಫೆನ್ಸ್, ಅಂದರೆ ಕೆಲಸದ ಜಾಗದ ಸುತ್ತ ಆ್ಯಪ್ ಹಾಕುವ ಗಡಿಯ ಕಾಟ. ಸಿಗ್ನಲ್ ಹುಡುಕಿಕೊಂಡು ಗೇಟಿನವರೆಗೆ ಬಂದು ಒತ್ತಿದರೆ 'ಸ್ಥಳದಲ್ಲಿಲ್ಲ' ಎನ್ನುತ್ತದೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಹತ್ತಾರು ಮೀಟರ್ ಜಾರುವುದು ಮಾಮೂಲು. 50 ಮೀಟರ್ ವ್ಯಾಪ್ತಿ ಸಾಲದು, 150 ಇಡಿ. ಆಂಡ್ರಾಯ್ಡ್‌ನಲ್ಲಿ ಈ ಆ್ಯಪ್‌ಗೆ ಬ್ಯಾಟರಿ ಉಳಿತಾಯ ತೆಗೆದುಹಾಕಿ, ಇಲ್ಲವಾದರೆ ಪರದೆ ಆರಿದ ಮೇಲೆ ಸಿಂಕ್ ನಿಂತುಬಿಡಬಹುದು.

ಬಯಲಿನಲ್ಲೇ ಕೆಲಸ ಮಾಡುವ ತಂಡವಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ನೆಲಮಾಳಿಗೆ, ಲಿಫ್ಟ್ ಹೊಂಡದಲ್ಲಿ ಕೆಲಸ ಮಾಡುವವರು ತಿಂಗಳ ಪ್ಲಾನ್‌ನಲ್ಲೇ ಇರಿ. ಆಫ್‌ಲೈನ್ ಸಮಯ ಸರಿಹೋಗುವವರೆಗೆ ವರ್ಷದ ಹಣ ಕಟ್ಟಬೇಡಿ.