ಉಜ್ಜದೆ ಹೆಡ್‌ಲೈಟ್ ಹೊಳೆಸಿಕೊಡ್ತೀನಿ ಅನ್ನೋರ ಹತ್ತಿರ ಹೋಗಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಳೇ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳೋ ಮನೆಯಂಥ ಗಾಡಿ, ಇಟ್ಟುಕೊಂಡಿರುವ ನಮ್ಮವರು ಇದ್ದರೆ ದಯವಿಟ್ಟು ಇದನ್ನು ಓದಿ. ಬೇಸಿಗೆ ಟ್ರಿಪ್ ಹೊತ್ತಿಗೆ ಎಲ್ಲರೂ ಗಾಡಿ ಹೊರಗೆ ತೆಗೆಯುತ್ತೀರಿ, ಹೆಡ್‌ಲೈಟ್ ಹಳದಿಯಾಗಿರೋದು ಆಗಲೇ ಕಣ್ಣಿಗೆ ಬೀಳೋದು. ನನಗೂ ಹಾಗೇ ಆಯ್ತು. 180 ಡಾಲರ್ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಕತ್ತಲಲ್ಲಿ ಘಾಟಿ ಹತ್ತಿದೆನಲ್ಲ, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ನಮ್ಮದು 2005ರ ಗಾಡಿ. ಫೋರ್ಡ್ ಇ-450 ಮೇಲೆ ಕಟ್ಟಿದ 28 ಅಡಿ ಕ್ಲಾಸ್ ಸಿ, ಅಂದರೆ ಮುಂದೆ ವ್ಯಾನು, ಹಿಂದೆ ಮನೆ. ಓಡಿರೋದು 46 ಸಾವಿರ ಮೈಲಿ ಮಾತ್ರ. ಇಂಜಿನ್ ಗಟ್ಟಿಯಾಗಿದೆ. ಆದರೆ ಹೆಡ್‌ಲೈಟ್ ಎರಡೂ ಪೊರೆ ಬಂದ ಕಣ್ಣಿನ ಹಾಗೆ. ಈ ಗಾಡಿಗಳಿಗೆ ಮೈಲಿ ಲೆಕ್ಕಕ್ಕೆ ಬರೋದಿಲ್ಲ. ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಸ್ಟೋರೇಜ್ ಯಾರ್ಡಿನಲ್ಲಿ ಬಿಸಿಲು ಕಾಯುತ್ತಾ ನಿಂತಿರುತ್ತವೆ. ಲೈಟಿನ ಮುಂದಿರೋದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲು ತಡೆಯೋಕೆ ಒಂದು ತೆಳು ಕೋಟಿಂಗ್ ಇರುತ್ತೆ. ಆ ಕೋಟಿಂಗ್ ಸುಟ್ಟು ಎದ್ದು ಹೋದ ಮೇಲೆ ಪ್ಲಾಸ್ಟಿಕ್ಕೇ ಹಳದಿ ತಿರುಗುತ್ತೆ. 2018ರಲ್ಲಿ ಇಲ್ಲಿನ ವಾಹನ ಸವಾರರ ಸಂಘ ಎಎಎ ಪರೀಕ್ಷೆ ಮಾಡಿ ನೋಡಿತ್ತು. ಹೀಗೆ ಹಳದಿಯಾದ ಲೈಟು ಹೊಸದರ ಸುಮಾರು 20 ಪರ್ಸೆಂಟ್ ಬೆಳಕು ಮಾತ್ರ ಕೊಡುತ್ತಿತ್ತು. ಇದನ್ನು ನಾನು ಓದಿಕೊಂಡಿದ್ದೆ. ಓದಿಕೊಂಡೂ ಮೋಸ ಹೋದೆ.

ಜೂನ್‌ನಲ್ಲಿ ಯೊಸೆಮಿಟಿಗೆ ಹೋಗೋಣ ಅಂತ ಹಾಡ್ಜ್‌ಡನ್ ಮೆಡೋ ಕ್ಯಾಂಪ್ ಬುಕ್ ಆಗಿತ್ತು. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಶುಕ್ರವಾರ ಹೊರಡಬೇಕು, ಸೋಮವಾರ ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ನೋಡಿದೆ. ಮನೆ ಬಾಗಿಲಿಗೇ ಬಂದು ಮಾಡಿಕೊಡುತ್ತಾರಂತೆ, ಲೈಫ್‌ಟೈಮ್ ಕೋಟಿಂಗ್ ಅಂತೆ, ಕೆಲಸಕ್ಕೆ ಮೊದಲಿನದು, ಆಮೇಲಿನದು ಅಂತ ಫೋಟೋ ಬೇರೆ. ಫೋನ್ ಮಾಡಿದಾಗ ಕಾರಿಗಾದರೆ 100, ಆರ್‌ವಿಗೆ, ಅಂದರೆ ಮೋಟರ್‌ಹೋಮಿಗೆ, 180 ಅಂದ. ಯಾಕೆ ಜಾಸ್ತಿ ಅಂದರೆ ಲೈಟ್ ದೊಡ್ಡದು ಅಂದ. ಇ-450ಕ್ಕೂ ಇ ಸೀರೀಸ್ ವ್ಯಾನಿಗೂ ಇರೋದು ಒಂದೇ ಲೈಟು! ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ.

ಬುಧವಾರ ಸಂಜೆ ಬಂದ. ಒಂದು ಪುಟ್ಟ ಬ್ಯಾಗು, ಲೇಬಲ್ ಇಲ್ಲದ ಸ್ಪ್ರೇ ಬಾಟಲಿ, ಒಂದಿಷ್ಟು ನೀಲಿ ಬಟ್ಟೆ. ಅಷ್ಟೇ. ನೀರಿನ ಬಕೆಟ್ ಇಲ್ಲ, ಪೇಂಟ್ ಕಾಪಾಡೋಕೆ ಸುತ್ತ ಅಂಟಿಸೋ ಟೇಪ್ ಇಲ್ಲ, ಸ್ಯಾಂಡ್ ಪೇಪರ್ ಇಲ್ಲ. ಬಟ್ಟೆಗೆ ಸ್ಪ್ರೇ ಮಾಡಿಕೊಂಡು ಒರೆಸಿದ. ಬಟ್ಟೆಗೆ ಹಳದಿ ಬಂತು, ಲೈಟು ಕಣ್ಣೆದುರಿಗೇ ಫಳಫಳ ಅಂತು. ಎರಡೂ ಸೇರಿ ಹನ್ನೆರಡು ನಿಮಿಷ. ಅಪ್ಪ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಗ್ಯಾರೇಜ್ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನನ್ನ ಹತ್ತಿರ ಬಂದು, "ಅಲ್ಲ ಕಣೋ, ಅವನು ಉಜ್ಜಲೇ ಇಲ್ವಲ್ಲೋ. ಉಜ್ಜದೆ ಹೇಗೋ ಹೋಗುತ್ತೆ ಹಳದಿ?" ಅಂದರು. ನಾನು, "ಇಲ್ಲೆಲ್ಲ ಹೊಸ ಕೆಮಿಕಲ್ ಬಂದಿದೆ, ನಿಮಗೆ ಗೊತ್ತಾಗಲ್ಲ, ಸುಮ್ನಿರಿ ಅಪ್ಪ" ಅಂದುಬಿಟ್ಟೆ. ಇದನ್ನು ಬರೆಯೋಕೇ ನಾಚಿಕೆ ಆಗುತ್ತೆ. ಅವರು ಮತ್ತೆ ಮಾತಾಡಲಿಲ್ಲ, ಒಳಗೆ ಹೋದರು. ನಾನು ಫೋನಿನಲ್ಲೇ ದುಡ್ಡು ಕಳಿಸಿದೆ. ಇವತ್ತೇ ಓಡಿಸಬಹುದಾ ಅಂತ ಕೇಳಿದೆ. ಈಗಲೇ ಓಡಿಸಿ ಅಂದ. ಇದನ್ನು ನೆನಪಿಟ್ಟುಕೊಳ್ಳಿ.

ಶುಕ್ರವಾರ ಆಫೀಸ್ ಮುಗಿಸಿ ಫ್ರೀಮಾಂಟ್ ಬಿಟ್ಟಾಗಲೇ ಐದೂವರೆ. ಓಕ್‌ಡೇಲ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಮುಂದೆ ಬಂದು ನೋಡಿದರೆ ಲೈಟಿನ ಮೇಲೆ ಹುಳ, ಧೂಳು, ಹುಲ್ಲಿನ ಹೊಟ್ಟು. ಬೆರಳಿಟ್ಟರೆ ಅಂಟು, ಅಂಟಂದ್ರೆ ಬೆಲ್ಲದ ಪಾಕ ಮುಟ್ಟಿದ ಹಾಗೆ. ಬಂಕಿನ ಬ್ರಷ್ ತಂದು ಉಜ್ಜಿದೆ, ಎಲ್ಲ ಇನ್ನೂ ಕಲಸಿಕೊಂಡಿತು. ಮೊಕಾಸಿನ್ ದಾಟಿ ನ್ಯೂ ಪ್ರೀಸ್ಟ್ ಗ್ರೇಡ್ ಹತ್ತುವಾಗ ಪೂರ್ತಿ ಕತ್ತಲು. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು, ತಿರುವಿನ ಮೇಲೆ ತಿರುವು, ಒಂದು ಕಡೆ ಕಣಿವೆ. ನಮ್ಮ ಲೈಟಿನ ಬೆಳಕು ಬಾನೆಟ್ ಮುಂದೆ ಸ್ವಲ್ಪ ದೂರಕ್ಕೇ ಮಬ್ಬಾಗಿ ಹರಡಿ ನಿಂತುಬಿಡುತ್ತಿತ್ತು. ಹೈ ಬೀಮ್ ಹಾಕಿದರೂ ಅಷ್ಟೇ. ಹಿಂದೆ ಅಮ್ಮ ದೇವರ ಹೆಸರು ಹೇಳುತ್ತಾ ಕೂತಿದ್ದರು. ಕಾರುಗಳನ್ನು ಮುಂದೆ ಬಿಟ್ಟು, ಅವುಗಳ ಕೆಂಪು ದೀಪ ಹಿಡಿದುಕೊಂಡು ಹತ್ತಿದೆ.

ಮೋಸ ಗೊತ್ತಾಗಿದ್ದು ಮಾರನೇ ದಿನ ಸಂಜೆ. ಕ್ಯಾಂಪಿನಲ್ಲಿ ಸೊಳ್ಳೆ ಕಾಟ. ನನ್ನ ಹೆಂಡತಿ ಮಗಳ ಕಾಲಿಗೆ ಸೊಳ್ಳೆ ಸ್ಪ್ರೇ ಹೊಡೆಯುತ್ತಿದ್ದಳು. ಗಾಳಿಗೆ ವಾಸನೆ ನನ್ನ ಕಡೆ ಬಂತು. ಬುಧವಾರ ಸಂಜೆ ನಮ್ಮ ಡ್ರೈವ್‌ವೇಯಲ್ಲಿ ಬಂದಿದ್ದ ವಾಸನೆ. ಅದೇ. ಬಾಟಲಿ ಇಸಿದುಕೊಂಡು ಹಿಂದೆ ತಿರುಗಿಸಿ ಓದಿದೆ. ಡೀಟ್ ಅನ್ನೋ ಸೊಳ್ಳೆ ಓಡಿಸೋ ಕೆಮಿಕಲ್ ಇದೆ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಪೇಂಟ್ ಹಾಳಾಗುತ್ತೆ ಅಂತ ಅದರ ಮೇಲೇ ಬರೆದಿತ್ತು. ಎಡಗಡೆ ಲೈಟಿನ ಒಂದು ಮೂಲೆಗೆ ಟಿಶ್ಯೂ ಪೇಪರಿನಲ್ಲಿ ಚೂರು ಹಚ್ಚಿ ಒರೆಸಿದೆ. ಪೇಪರಿಗೆ ಹಳದಿ ಬಂತು, ಮೂಲೆ ಫಳಫಳ ಹೊಳೆಯಿತು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೇಪರ್ ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಡೀಟ್ ಕೊಳೆ ತೆಗೆಯೋದಿಲ್ಲ, ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತೆ. ಕರಗಿದ್ದು ಸವರಿಕೊಂಡು ನುಣ್ಣಗೆ ಕಾಣುತ್ತೆ, ಕೆಲವು ದಿನ ಹೊಳೆಯುತ್ತೆ. ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತೆ. ನಮ್ಮದರಲ್ಲಿ ಮೂರು ವಾರಕ್ಕೆ ಬತ್ತಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು ಎದ್ದವು. ಬಾಟಲಿಯಿಂದ ಹನಿ ಸೋರಿ ಇಳಿದ ಜಾಗದಲ್ಲಿ ಕಪ್ಪು ಬಂಪರಿನ ಮೇಲೆ ಬೆಳ್ಳಗಿನ ಗೆರೆ ಬಿದ್ದಿದೆ. ಅದು ಇವತ್ತಿಗೂ ಹೋಗಿಲ್ಲ.

ಅವನಿಗೆ ಮೆಸೇಜ್ ಕಳಿಸಿದೆ. ಅವನ ಉತ್ತರಗಳನ್ನು ಬರೆಯಲೇಬೇಕು. ಮೊದಲು, "ಅದು ಹುಳದ ಕಲೆ, ಕೋಟಿಂಗ್ ಚೆನ್ನಾಗಿದೆ, ಸೋಪು ಹಾಕಿ ತೊಳೆಯಿರಿ." ತೊಳೆದು ಫೋಟೋ ಕಳಿಸಿದೆ. "ಕೋಟಿಂಗ್ ಒಣಗೋ ಮುಂಚೆ ಓಡಿಸಿದ್ದೀರಿ, ಏಳು ದಿನ ನೆರಳಲ್ಲಿ ಇಡಬೇಕಿತ್ತು." ಈಗಲೇ ಓಡಿಸಿ ಅಂದವನು ಇವನೇ! ಅದರಲ್ಲಿ ಡೀಟ್ ಇತ್ತಾ, ಹೌದು ಅಥವಾ ಇಲ್ಲ ಹೇಳಿ ಅಂದೆ. "ಫಾರ್ಮುಲಾ ಹೊರಗೆ ಹೇಳೋ ಹಾಗಿಲ್ಲ." ಲೈಫ್‌ಟೈಮ್ ಅಂದಿದ್ದಿರಲ್ಲ ಅಂದೆ. "ಲೈಫ್‌ಟೈಮ್ ಅಂದರೆ ಕೋಟಿಂಗಿನ ಲೈಫ್‌ಟೈಮ್, ನಿಮ್ಮ ಗಾಡಿಯದಲ್ಲ." ಈ ಸಾಲನ್ನು ಎಷ್ಟು ಸಲ ಓದಿದೆನೋ. ಕೋಟಿಂಗ್ ಇರೋವರೆಗೆ ಕೋಟಿಂಗ್ ಇರುತ್ತೆ ಅಂತ ಗ್ಯಾರಂಟಿ! ಕೊನೆಗೆ, "ತೊಂದರೆ ನಿಮ್ಮ ಬಲ್ಬಿನದು, 90 ಡಾಲರ್ ಕೊಡಿ, ಎಲ್‌ಇಡಿ ಹಾಕಿಕೊಡುತ್ತೇನೆ." ಹ್ಯಾಲೊಜೆನ್‌ಗೆ ಅಂತ ಮಾಡಿದ ಲೈಟಿಗೆ ಎಲ್‌ಇಡಿ ತುರುಕಿದರೆ ಎದುರಿಗೆ ಬರೋರ ಕಣ್ಣಿಗೆ ಚುಚ್ಚುತ್ತೆ. ನಾನು ಉತ್ತರ ಕೊಡಲಿಲ್ಲ. ದುಡ್ಡು ಫೋನಿನಲ್ಲಿ ಕಳಿಸಿದ್ದರಿಂದ ಬ್ಯಾಂಕಿನವರು ಕೈಚೆಲ್ಲಿದರು. ಕ್ರೆಡಿಟ್ ಕಾರ್ಡ್ ಆಗಿದ್ದರೆ ತಕರಾರು ಹಾಕಬಹುದಿತ್ತು. ಕಾರ್ಡ್ ತಗೊಳ್ಳದವರಿಗೆ ಕೆಲಸ ಕೊಡಬೇಡಿ.

ನಿಜವಾದ ಕೆಲಸ ಅಂದರೆ ಸುತ್ತ ಟೇಪ್ ಅಂಟಿಸಬೇಕು. ನೀರು ಹಾಕುತ್ತಾ 800, 1500, 2000, 3000 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಒಂದಾದ ಮೇಲೊಂದು ಉಜ್ಜಬೇಕು. ಹಳದಿ ನೀರು ಇಳಿದು ಬರಬೇಕು. ನಡುವೆ ಲೈಟು ಮೊದಲಿಗಿಂತ ಬೆಳ್ಳಗೆ, ಮಂಕಾಗಿ ಕಾಣುತ್ತೆ, ಹೆದರಬೇಡಿ. ಕೊನೆಗೆ ಬಿಸಿಲು ತಡೆಯೋ ಕ್ಲಿಯರ್ ಕೋಟ್ ಹೊಡೆಯಬೇಕು, ಅದಿಲ್ಲದಿದ್ದರೆ ಎಲ್ಲ ವೇಸ್ಟು. ಇಷ್ಟೆಲ್ಲ ಮಾಡಿದರೂ ಎಎಎ ಪರೀಕ್ಷೆಯಲ್ಲಿ ಬೆಳಕು ವಾಪಸ್ ಬಂದಿದ್ದು 70 ಪರ್ಸೆಂಟಿನ ಹತ್ತಿರ. ಒಳಗಡೆ ಮಬ್ಬಾಗಿದ್ದರೆ, ರಿಫ್ಲೆಕ್ಟರ್ ಬೆಳ್ಳಿ ಬಣ್ಣ ಎದ್ದಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ.

ನಮ್ಮದು ಬಿರುಕು ಬಿಟ್ಟ ಮೇಲೆ ಬದಲಾಯಿಸೋದು ಬಿಟ್ಟು ಬೇರೆ ದಾರಿ ಇರಲಿಲ್ಲ. ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಅಂತ ಅಚ್ಚು ಇರೋ ಜೋಡಿ 150 ಡಾಲರಿಗೆ ಸಿಕ್ಕಿತು. ಹೌದು, ಹೊಸ ಜೋಡಿಯೇ ಅವನು ತಗೊಂಡಿದ್ದಕ್ಕಿಂತ ಕಡಿಮೆ! ಒಳಗಿನ ಬಲ್ಬ್ 9007, ಅದನ್ನೂ ಹೊಸದು ಹಾಕಿದೆವು. ನಾನೂ ಅಪ್ಪನೂ ಸೇರಿ ಒಂದು ಬೆಳಗ್ಗೆ ಕೂರಿಸಿದೆವು. ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಬೆಳಕಿನ ಎತ್ತರ ಸರಿ ಮಾಡಿದ್ದು ಪೂರ್ತಿ ಅಪ್ಪನೇ. ನೀರಿನ ಟ್ಯಾಂಕು, ಸಾಮಾನು ಎಲ್ಲ ತುಂಬಿಸಿ ಆಮೇಲೆ ನೋಡು ಅಂದರು. ಹಿಂದೆ ಭಾರ ಬಿದ್ದರೆ ಮೂಗು ಮೇಲೇಳುತ್ತೆ, ಬೆಳಕು ಮರದ ಮೇಲೆ ಹೋಗುತ್ತೆ. ಈ ಸಲ ಅವರು ಹೇಳಿದ ಹಾಗೇ ಮಾಡಿದೆ.

ಇದೆಲ್ಲ ಆಗಿ ಸುಮ್ನಾಗಿದ್ದೆ. ನಿನ್ನೆ ರಾತ್ರಿ ಅವನ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು, ಅದಕ್ಕೇ ಇಷ್ಟು ಬರೆದೆ. ಹೊಸ ಫೋಟೋ ಹಾಕಿದ್ದಾನೆ. ಹೊಳೆಯೋ ಲೈಟು, ಅದರ ಪಕ್ಕ ಬಂಪರಿನ ಮೇಲೆ ನನ್ನ ಮಗಳು ಅಂಟಿಸಿದ ಚಿಟ್ಟೆ ಸ್ಟಿಕ್ಕರ್. ನಮ್ಮ ಗಾಡಿಯೇ. ತೆಗೆಯಿರಿ ಅಂತ ಮೆಸೇಜ್ ಹಾಕಿದ್ದೇನೆ. ಓದಿದ್ದಾನೆ, ಉತ್ತರ ಬಂದಿಲ್ಲ. ಚಿಟ್ಟೆ ಸ್ಟಿಕ್ಕರ್ ಇರೋ ಫೋಟೋ ನಿಮಗೆ ಎಲ್ಲಾದರೂ ಕಂಡರೆ, ಅದು ಅವನೇ.