ಆದರ್ಶ ಸಮಾಜಕ್ಕೆ ದಾರಿ ಇದೆಯೇ: ‘ಎನ್ವಿಷನಿಂಗ್ ರಿಯಲ್ ಯುಟೋಪಿಯಾಸ್’ ಪುಸ್ತಕ ವಿಮರ್ಶೆ

ಆದರ್ಶ ಸಮಾಜದ ಯಾವುದೇ ಕಲ್ಪನೆಗೆ ಎರಿಕ್ ಒಲಿನ್ ರೈಟ್ ಮೂರು ಪ್ರಶ್ನೆಗಳನ್ನು ಒಡ್ಡುತ್ತಾರೆ: ಅದು ಬಯಸತಕ್ಕದ್ದೇ, ಜಾರಿಗೆ ಬಂದರೆ ಬಾಳಿಕೆ ಬರುವಂಥದ್ದೇ, ಇಂದಿನ ಸ್ಥಿತಿಯಿಂದ ಅಲ್ಲಿಗೆ ತಲುಪಲು ಸಾಧ್ಯವೇ. ಅಮೆರಿಕದ ಈ ಸಮಾಜಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ದಪ್ಪನೆಯ ಕೃತಿ ಮೊದಲೆರಡು ಪ್ರಶ್ನೆಗಳನ್ನು ಸಮರ್ಥವಾಗಿ ನಿಭಾಯಿಸುತ್ತದೆ. ಮೂರನೆಯದರ ಮುಂದೆ ತಡವರಿಸುತ್ತದೆ.

ಬಂಡವಾಳಶಾಹಿಯ ಮೇಲಿನ ಹನ್ನೊಂದು ಆಕ್ಷೇಪಗಳ ಅಧ್ಯಾಯವನ್ನು ವಿಷಯ ಬಲ್ಲವರು ಬೇಗನೆ ದಾಟಬಹುದು. ಪುಸ್ತಕದ ಜೀವವಿರುವುದು ನಿದರ್ಶನಗಳಲ್ಲಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಿವಾಸಿಗಳೇ ಸಭೆ ಸೇರಿ ನಗರಾಡಳಿತದ ಬಜೆಟ್‌ನಲ್ಲಿ ಯಾವ ಕಾಮಗಾರಿಗೆ ಆದ್ಯತೆ ಎಂದು ಚರ್ಚಿಸಿದ್ದು, ಸ್ಪೇನ್‌ನ ಬಾಸ್ಕ್ ಪ್ರದೇಶದಲ್ಲಿ 1956ರಲ್ಲಿ ಆರಂಭವಾದ ಮೊಂಡ್ರಾಗೊನ್ ಸಹಕಾರಿ ಸಂಸ್ಥೆಗಳಲ್ಲಿ ದುಡಿಯುವವರೇ ಮಾಲೀಕರಾಗಿರುವುದು, ಸಂಬಳವಿಲ್ಲದೆ ಅಸಂಖ್ಯ ಜನ ಸೇರಿ ವಿಕಿಪೀಡಿಯ ಕಟ್ಟಿದ್ದು, ಇವುಗಳನ್ನು ಲೇಖಕರು ಭಕ್ತಿಯಿಂದ ಹೊಗಳದೆ, ಹೇಗೆ ನಡೆಯುತ್ತವೆ, ಎಲ್ಲಿ ಸೊರಗುತ್ತವೆ ಎಂದು ಬಿಡಿಸಿ ನೋಡುತ್ತಾರೆ. ಮೊಂಡ್ರಾಗೊನ್‌ನ ಗೃಹಬಳಕೆ ಉಪಕರಣಗಳ ಸಂಸ್ಥೆಯಾದ ಫಾಗೋರ್ 2013ರಲ್ಲಿ ದಿವಾಳಿಯಾದ ಸಂಗತಿಯನ್ನು ಮಾತ್ರ ಇಂದಿನ ಓದುಗರು ತಾವೇ ಸೇರಿಸಿಕೊಳ್ಳಬೇಕು. ಸಂಸ್ಥೆ ಮುಳುಗಿದರೂ ಅದರ ಅನೇಕ ಸದಸ್ಯರಿಗೆ ಸೋದರ ಸಹಕಾರಿ ಸಂಸ್ಥೆಗಳು ಕೆಲಸ ಕೊಟ್ಟವು ಎಂಬುದನ್ನೂ ಗಮನಿಸಿದರೆ, ಬಾಳಿಕೆಯ ಪ್ರಶ್ನೆಗೆ ಸಿಗುವ ಉತ್ತರ ಪುಸ್ತಕದಲ್ಲಿರುವುದಕ್ಕಿಂತ ಜಟಿಲವಾಗುತ್ತದೆ.

ಬದಲಾವಣೆಗೆ ರೈಟ್ ಗುರುತಿಸುವ ಮಾರ್ಗಗಳು ಮೂರು: ವ್ಯವಸ್ಥೆಯನ್ನು ಮುರಿದು ಹೊಸದನ್ನು ಕಟ್ಟುವುದು, ಅದರ ಸಂದುಗಳಲ್ಲಿ ಪರ್ಯಾಯಗಳನ್ನು ಬೆಳೆಸುವುದು, ಪ್ರಭುತ್ವವನ್ನೇ ಬಳಸಿಕೊಂಡು ಹಂತಹಂತವಾಗಿ ಸುಧಾರಿಸುವುದು. ಯಾವುದೊಂದೂ ತಾನಾಗಿ ಸಾಲದು ಎಂಬ ಅವರ ನಿಲುವು ಪ್ರಾಮಾಣಿಕವಾದದ್ದು. ಚಳವಳಿಗಳಲ್ಲಿ ತೊಡಗಿದವರಿಗೆ ಇದು ರುಚಿಸಲಿಕ್ಕಿಲ್ಲ.

ನನ್ನ ತಕರಾರು ಬೇರೆ. ಜನರ ಬಯಕೆ, ನಂಬಿಕೆ, ಭಯಗಳನ್ನೆಲ್ಲ ಸಾಮಾಜಿಕ ಸಂಸ್ಥೆಗಳೇ ರೂಪಿಸುತ್ತವೆ ಎಂದಾದರೆ, ಆ ಸಂಸ್ಥೆಗಳನ್ನು ಬದಲಿಸುವ ಇಚ್ಛೆ ಯಾರಲ್ಲಿ, ಹೇಗೆ ಹುಟ್ಟಬೇಕು? ಇಚ್ಛಾಸ್ವಾತಂತ್ರ್ಯದ ಈ ಹಳೆಯ ತೊಡಕನ್ನು ಲೇಖಕರು ನೇರವಾಗಿ ಎದುರಿಸುವುದಿಲ್ಲ, ಆದರೆ ಅದಕ್ಕೆ ಬೇಕಾದ ಎಳೆಯೊಂದು ಅವರಲ್ಲೇ ಇದೆ. ಯಾವುದು ಸಾಧ್ಯ ಎಂಬುದು ನಮ್ಮ ಕಲ್ಪನೆಯಿಂದ ಹೊರತಾಗಿ ಮೊದಲೇ ನಿಗದಿಯಾಗಿರುವುದಿಲ್ಲ ಎಂದು ಅವರು ವಾದಿಸುತ್ತಾರೆ. ಹಾಗಿದ್ದಲ್ಲಿ ‘ಇದು ಆಗಬಹುದು’ ಎಂಬ ನಂಬಿಕೆಯೂ ಕಾರ್ಯಕಾರಣ ಸರಪಳಿಯ ಒಂದು ಕೊಂಡಿಯಾಗುತ್ತದೆ. ನಮ್ಮ ನಿರ್ಧಾರಗಳಿಗೆ ಹಿಂದಿನ ಕಾರಣಗಳಿರುವುದರಿಂದ ಅವು ನಿಷ್ಫಲವಾಗುವುದಿಲ್ಲ. ಎಲ್ಲವೂ ಹಿಂದಿನ ಕಾರಣಗಳಿಂದಲೇ ನಿರ್ಧಾರವಾಗುತ್ತದೆ ಎಂಬ ನಿಯತಿವಾದವನ್ನು ಒಪ್ಪಿಕೊಂಡವರೂ ಬಜೆಟ್ ಸಭೆಗೆ ಹೋಗಿ ಕೈ ಎತ್ತುವುದರಲ್ಲಿ ವಿರೋಧಾಭಾಸವಿಲ್ಲ. ಇಷ್ಟು ಹತ್ತಿರ ಬಂದ ವಾದವನ್ನು ಲೇಖಕರು ಮುಂದುವರಿಸದೆ ಬಿಟ್ಟಿದ್ದು ನಿರಾಸೆಯ ಸಂಗತಿ.

ನಿರೂಪಣೆ ಸ್ಪಷ್ಟವಾಗಿದೆ, ಆದರೆ ವರ್ಗೀಕರಣದ ಮೋಹ ಅತಿಯಾಗಿದೆ. ಬಾಣದ ಗುರುತುಗಳ ರೇಖಾಚಿತ್ರಗಳು ಕೆಲವೆಡೆ ಗದ್ಯಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಮೊದಲ ಬಾರಿಗೆ ಈ ವಿಷಯಕ್ಕೆ ಬರುವವರು ರೈಟ್ ನಿಧನರಾದ 2019ರಲ್ಲೇ ಹೊರಬಂದ ಅವರ ಚಿಕ್ಕ ಪುಸ್ತಕ ‘ಹೌ ಟು ಬಿ ಆ್ಯನ್ ಆ್ಯಂಟಿಕ್ಯಾಪಿಟಲಿಸ್ಟ್ ಇನ್ ದ ಟ್ವೆಂಟಿ-ಫಸ್ಟ್ ಸೆಂಚುರಿ’ಯಿಂದ ಆರಂಭಿಸುವುದು ಲೇಸು. ಬದಲಾವಣೆಯನ್ನು ತರುವವರು ಯಾರು, ಅವರ ಗುರುತು, ಹಿತಾಸಕ್ತಿ, ಮೌಲ್ಯಗಳು ಹೇಗೆ ಒಂದುಗೂಡುತ್ತವೆ ಎಂಬ ಪ್ರಶ್ನೆಗೆ ಅದರ ಕೊನೆಯ ಅಧ್ಯಾಯ ಪೂರ್ತಿಯಾಗಿ ಮೀಸಲಾಗಿದೆ.