ಏಳು ವರ್ಷ, 92,000 ಕಿ.ಮೀ.: ನನ್ನ ಕಾರಿನ ಸ್ಟೀರಿಂಗ್, ಸಸ್ಪೆನ್ಷನ್ ಹೇಗಿದೆ?

ಕೋಲಾರದಿಂದ ಶ್ರೀನಿವಾಸಪುರಕ್ಕೆ ವಾರದಲ್ಲಿ ಐದು ದಿನ ಓಡಾಟ. ತಿಂಗಳಿಗೆ ಒಂದೆರಡು ಸಲ ಬೆಂಗಳೂರು. 2018ರಲ್ಲಿ ತೆಗೆದುಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದು. ಎಂಜಿನ್, ಎಸಿ, ಮೈಲೇಜ್ ಎಲ್ಲಾ ಚೆನ್ನಾಗಿವೆ. ತಲೆನೋವು ಕೊಟ್ಟಿದ್ದು ಮುಂದಿನ ಚಕ್ರಗಳ ಕಡೆಯ ಸಾಮಾನು ಮಾತ್ರ.

55,000 ದಾಟಿದ ಮೇಲೆ ಎಡಗಡೆಯಿಂದ ಟಕ್ ಟಕ್ ಅಂತ ಶಬ್ದ ಶುರುವಾಯಿತು. ಚಿಕ್ಕ ಗುಂಡಿಗಳಲ್ಲಿ, ನಿಧಾನಕ್ಕೆ ಹೋಗುವಾಗ ಜಾಸ್ತಿ. ಹಂಪ್ ಮೇಲೆ ನೇರವಾಗಿ ಹತ್ತಿಸಿದರೆ ಏನೂ ಇಲ್ಲ! ಒಂದು ಸರ್ವಿಸ್ ಸೆಂಟರಿನಲ್ಲಿ ಗಾಡಿ ಎತ್ತಿಯೂ ನೋಡದೆ 'ಸ್ಟೀರಿಂಗ್ ರ‍್ಯಾಕ್ ಹೋಗಿದೆ' ಅಂದುಬಿಟ್ಟರು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ದಾಟಿಸುವ ಭಾಗ ಅದು. ಇಪ್ಪತ್ತು ಸಾವಿರಕ್ಕೂ ಮೇಲೆ ಎಸ್ಟಿಮೇಟ್. ಮನಸ್ಸು ಒಪ್ಪದೆ ವಾಪಸ್ ಬಂದೆ.

ಮನೆ ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಮೊದಲು ನನ್ನ ಪಕ್ಕ ಕೂತು ಒಂದು ರೌಂಡ್ ಬಂದರು. ಆಮೇಲೆ ಜಾಕ್ ಹಾಕಿ, ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರು. 'ಇಲ್ಲಿ ಪ್ಲೇ (ಸಡಿಲ) ಇಲ್ಲ ಸಾರ್. ರ‍್ಯಾಕ್, ಅದನ್ನು ಚಕ್ರಕ್ಕೆ ಜೋಡಿಸೋ ಟೈ ರಾಡ್ ಎರಡೂ ಗಟ್ಟಿ ಇವೆ.' ಮೇಲೆ ಕೆಳಗೆ ಹಿಡಿದರು, ಅಲ್ಲೂ ಇಲ್ಲ. ಕೊನೆಗೆ ನನ್ನ ಕೈಯನ್ನೇ ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಅಡ್ಡ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಚಿಕ್ಕ ಸರಳು) ಮೇಲೆ ಇಡಿಸಿ ಅಲ್ಲಾಡಿಸಲು ಹೇಳಿದರು. ರಬ್ಬರ್ ಬೂಟ್ ಹರಿದು, ಗ್ರೀಸ್ ಒಣಗಿ, ಒಳಗೆಲ್ಲಾ ಕೆಂಪು ಧೂಳು. ಲೊಟ ಲೊಟ ಅಂತ ಬೆರಳಿಗೇ ತಾಗುತ್ತಿತ್ತು. ಹಂಪ್ ಮೇಲೆ ಎರಡು ಚಕ್ರವೂ ಒಟ್ಟಿಗೆ ಏರುತ್ತವೆ, ಆಗ ಲಿಂಕ್ ರಾಡಿಗೆ ಕೆಲಸವಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗಲೇ ಬಡಿಯುತ್ತದೆ. ಎರಡೂ ಕಡೆ ಬದಲಿಸಿ, ಕೂಲಿ ಸೇರಿ 1,800 ರೂಪಾಯಿ. ಶಬ್ದ ಅವತ್ತೇ ನಿಂತಿತು.

70,000ದ ಹೊತ್ತಿಗೆ ಗಾಡಿ ಎಡಕ್ಕೆ ಎಳೆಯತೊಡಗಿತು. ಎರಡು ಸಲ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದರೂ ಅದೇ ಕಥೆ. ಅದೇ ಮೆಕ್ಯಾನಿಕ್ ಗಾಳಿ ನೋಡಿ, ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿದರು. ಈಗ ಬಲಕ್ಕೆ ಎಳೆಯಿತು! ಅಂದರೆ ದೋಷ ಟೈರಿನದು, ಅಲ್ವಾ? ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು.

84,000ಕ್ಕೆ ಬ್ರೇಕ್ ಹಿಡಿದಾಗ ದಡ್ ಅನ್ನುತ್ತಿತ್ತು. ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಲೋಯರ್ ಆರ್ಮಿನ ಬುಷ್ (ರಬ್ಬರ್ ಮೆತ್ತೆ) ಸೀಳಿತ್ತು. ಆರ್ಮ್ ಬದಲಿಸಿ ಮತ್ತೆ ಅಲೈನ್‌ಮೆಂಟ್ ಮಾಡಿಸಿದೆ, ಅದು ಬೇಕೇ ಬೇಕು. ಹೆದ್ದಾರಿಯಲ್ಲಿ 80-90ಕ್ಕೆ ಸ್ಟೀರಿಂಗ್ ನಡುಗಿದ್ದು ಮಾತ್ರ ಚಕ್ರದ ತೂಕ ಸಮ ಮಾಡುವ ವೀಲ್ ಬ್ಯಾಲೆನ್ಸಿಂಗಿಗೇ ಸರಿಹೋಯಿತು.

ಸವಾರಿ ಸುಖಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬುಷ್, ಲಿಂಕ್ ರಾಡ್ ಬಾಳಿಕೆಗೆ ಮೂರು. ನಿಮ್ಮ ಗಾಡಿಯಲ್ಲೂ ಶಬ್ದ ಬಂದರೆ, ಯಾವ ಸಾಮಾನಿನಲ್ಲಿ ಪ್ಲೇ ಇದೆ ಅಂತ ಕೈಯಿಟ್ಟು ತೋರಿಸಲು ಕೇಳಿ. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಸಡಿಲ ಅಂದರೆ ದಯವಿಟ್ಟು ಒಂದು ದಿನವೂ ಮುಂದೂಡಬೇಡಿ, ಅವು ಕಳಚಿದರೆ ಗಾಡಿ ಕೈಗೆ ಸಿಗುವುದಿಲ್ಲ.

ಈಗ ಹಿಂದಿನ ಬಲಗಡೆ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಜಿನುಗುತ್ತಿದೆ. ಮುಂದಿನ ತಿಂಗಳು ಹಿಂದಿನ ಎರಡನ್ನೂ ಜೋಡಿಯಾಗಿ ಬದಲಿಸುತ್ತಿದ್ದೇನೆ. ಸಾವಿರ ಕಿ.ಮೀ. ಓಡಿಸಿದ ಮೇಲೆ ಅದನ್ನೂ ಇಲ್ಲೇ ಬರೆಯುತ್ತೇನೆ.